ಆಚೆಮನೆಗೂ ನಮ್ಮನೆಯ ವೈ-ಫೈ: ಗೋಡೆ, ರಸ್ತೆ, ತೋಟ ದಾಟಿಸುವ ಬಗೆ

ಫೈಬರ್ ಲೈನ್ ನಮ್ಮ ಮನೆಯ ಕಂಬದವರೆಗೆ ಬಂದು ನಿಂತುಬಿಟ್ಟಿತು. ಆಚೆಮನೆ ಅಲ್ಲಿಂದ ಅಡಿಕೆ ತೋಟ ದಾಟಿ ಸುಮಾರು 180 ಮೀಟರ್. ಅಷ್ಟು ದೂರಕ್ಕೆ ಕೇಬಲ್ ಎಳೆಯಲು ಎಷ್ಟಾಗುತ್ತದೆ ಎಂದು ವಿಚಾರಿಸಿ ಬಂದ ಆಚೆಮನೆಯ ಅಣ್ಣ ಮತ್ತೆ ಆ ಮಾತೇ ಎತ್ತಲಿಲ್ಲ. ಆಮೇಲೆ 2020ರ ಲಾಕ್‌ಡೌನ್ ಬಂತು. ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ, ಕೊಡೆ ಹಿಡಿದು ಕೂತ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಆಚೆಮನೆಯ ಹುಡುಗಿ ಗುಡ್ಡಕ್ಕೆ ಹೋಗಲಿಲ್ಲ, ನಮ್ಮ ಜಗಲಿಗೆ ಬಂದಳು. ಒಂದು ದಿನ ಅವಳ ಅಮ್ಮ ಕೇಳಿದರು: “ತಮ್ಮಾ, ನಿಮ್ಮನೆ ವೈ-ಫೈ ನಮ್ಮನೆವರೆಗೂ ಬರೋ ಹಾಗೆ ಮಾಡಕ್ಕಾಗಲ್ವಾ?”

ಆಗುತ್ತದೆ. ಸಿಗ್ನಲ್ ದಾಟಿಸುವುದು ಅರ್ಧ ದಿನದ ಕೆಲಸ. ದಾಟಿಸಿದ ಮೇಲೂ ನಮ್ಮ ಮನೆಯ ನೆಟ್‌ನ ಕೀಲಿ ನಮ್ಮ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಹೆಚ್ಚಿನವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನಾನೂ ಮೊದಲು ಹಾಗೇ ಮಾಡಿ, ಬೆರಳು ಸುಟ್ಟುಕೊಂಡು, ಆಮೇಲೆ ಕಲಿತೆ.

ಮೊದಲು ಕಾಗದ ಓದಿ

ಏಣಿ ಹತ್ತುವ ಮೊದಲು ನಿಮ್ಮ ಕಂಪನಿಯ ನಿಯಮ ಓದಿ. ಮನೆ ಬಳಕೆಯ ಪ್ಲಾನ್‌ಗಳಲ್ಲಿ “ಈ ಸಂಪರ್ಕ ನಿಮ್ಮ ಮನೆಯ ಒಳಗಿನ ಬಳಕೆಗೆ ಮಾತ್ರ, ಬೇರೆಯವರಿಗೆ ಮಾರುವಂತಿಲ್ಲ” ಎಂಬ ಅರ್ಥದ ಸಾಲು ಸಾಮಾನ್ಯ. ಕೆಲವು ಕಡೆ ಬಿಟ್ಟಿಯಾಗಿ ಹಂಚುವುದಕ್ಕೂ ಅಡ್ಡಿ ಇರುತ್ತದೆ. ಅನುಮಾನ ಇದ್ದರೆ ಒಂದು ಇ-ಮೇಲ್ ಹಾಕಿ ಕೇಳಿ, ಉತ್ತರ ತೆಗೆದಿಟ್ಟುಕೊಳ್ಳಿ. ಲೈನ್ ಹಾಕಲು ಬಂದ ಹುಡುಗ “ಏನಾಗಲ್ಲ ಸಾರ್” ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ದುಡ್ಡು ತೆಗೆದುಕೊಂಡರೆ ವಿಷಯವೇ ಬೇರೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಇಂಟರ್‌ನೆಟ್ ಸೇವೆ ಮಾರುವಂತಿಲ್ಲ. ತಿಂಗಳಿಗೆ ಇನ್ನೂರು ರೂಪಾಯಿ ಎಂದು ನಾಲ್ಕು ಮನೆಯಿಂದ ಎತ್ತಲು ಶುರು ಮಾಡಿದರೆ ನೀವು ನೆರೆಯವರಲ್ಲ, ಅನುಮತಿ ಇಲ್ಲದ ಕಂಪನಿ. ಕಾಯ್ದೆಯ ಒಳಗೇ ಇದನ್ನು ಮಾಡುವ ಆಸೆ ಇದ್ದರೆ ಪಿಎಂ-ವಾಣಿ ಎಂಬ ದಾರಿ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. ಕಿರಾಣಿ ಅಂಗಡಿಯವರು, ಚಹಾ ಅಂಗಡಿಯವರು ಯಾರೇ ಆದರೂ ಪಬ್ಲಿಕ್ ಡೇಟಾ ಆಫೀಸ್ ಆಗಿ ವೈ-ಫೈ ಹಂಚಬಹುದು. ಲೈಸೆನ್ಸ್ ಬೇಡ, ನೋಂದಣಿ ಶುಲ್ಕವೂ ಇಲ್ಲ. ಬಳಸುವವರ ಗುರುತು, ಹಣದ ಲೆಕ್ಕ ಎಲ್ಲವನ್ನೂ ಇಂಥ ಅಂಗಡಿಗಳನ್ನು ಒಟ್ಟುಗೂಡಿಸುವ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ಇಂಥವರಿಗೆ ಕಂಪನಿಗಳು ದುಬಾರಿ ಲೈನ್ ಕೊಡುತ್ತಿದ್ದವು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅದಕ್ಕೆ ಮಿತಿ ಹಾಕಿತು: 200 ಎಂಬಿಪಿಎಸ್‌ವರೆಗಿನ ಮನೆ ಫೈಬರ್ ಪ್ಲಾನ್‌ಗಳಿಗೆ ಮನೆಯವರ ದರದ ಎರಡರಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ.

ಇಲ್ಲಿ ಮುಂದೆ ಹೇಳುವುದೆಲ್ಲ ದುಡ್ಡಿಲ್ಲದೆ, ಗೊತ್ತಿರುವ ಒಂದೆರಡು ಮನೆಗೆ, ಕಂಪನಿಯ ನಿಯಮ ಒಪ್ಪಿದರೆ ಮಾತ್ರ ಮಾಡುವ ಕೆಲಸ. ರೇಡಿಯೋ ಅಲೆಯ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್‌ಗೆ 2005ರಿಂದ, 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗಕ್ಕೆ 2018ರಿಂದ, ನಿಗದಿಯ ಶಕ್ತಿ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. ರೌಟರ್‌ನ ಸೆಟ್ಟಿಂಗ್‌ನಲ್ಲಿ ದೇಶ “ಇಂಡಿಯಾ” ಎಂದು ಇಟ್ಟರೆ ಡಬ್ಬಿಯೇ ಮಿತಿ ಪಾಲಿಸುತ್ತದೆ. ಸಿಗ್ನಲ್ ಜಾಸ್ತಿ ಬರಲಿ ಎಂದು ಬೇರೆ ದೇಶ ಆರಿಸುವ ಬುದ್ಧಿವಂತಿಕೆ ಬೇಡ.

ಇನ್ನೊಂದು ಮಾತು. ನಿಮ್ಮ ಲೈನ್‌ನಿಂದ ಏನೇ ಹೋದರೂ ಹೊರಗೆ ಕಾಣುವುದು ನಿಮ್ಮ ಹೆಸರು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಬಂದ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ನವಿ ಮುಂಬೈಯ ಒಂದು ಮನೆಗೆ ಹೋದರು. ಆ ಮನೆಯವರಿಗೂ ಇ-ಮೇಲ್‌ಗೂ ಸಂಬಂಧ ಇರಲಿಲ್ಲ, ಅವರ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು. ಆದರೂ ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈ-ಫೈ ಭದ್ರತೆಯ ಬಗ್ಗೆ ಸೂಚನೆಯನ್ನೇ ಹೊರಡಿಸಿತು. ಹಾಗಾಗಿ ಪಾಸ್‌ವರ್ಡ್ ಇಲ್ಲದ ವೈ-ಫೈ ಎಷ್ಟೇ ಉದಾರ ಮನಸ್ಸಿನಿಂದ ಬಿಟ್ಟರೂ ತಪ್ಪೇ.

ಇರುವುದೆಷ್ಟು, ಹೋಗುವುದೆಷ್ಟು

ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೌಟರ್‌ಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ರಾತ್ರಿ ಎಂಟರಿಂದ ಹತ್ತರ ಒಳಗೆ ಮಾಡಿ, ಆಗಲೇ ಎಲ್ಲರೂ ನೋಡುತ್ತಿರುತ್ತಾರೆ. ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಬರೆದಿಡಿ. ಒಂದು ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಬೇಕು. ವಿಡಿಯೋ ಕಾಲ್‌ಗೆ ಅದಕ್ಕಿಂತ ಕಡಿಮೆ. ಅಂದರೆ 50 ಎಂಬಿಪಿಎಸ್‌ನ ಪ್ಲಾನ್ ಎರಡು ಮನೆಗೆ ಧಾರಾಳ.

ಸ್ಪೀಡ್‌ಗಿಂತ ಜಾಸ್ತಿ ತಲೆನೋವು ಕೊಡುವುದು ಡೇಟಾ ಮಿತಿ. ಅನ್‌ಲಿಮಿಟೆಡ್ ಎಂದು ಬರೆದಿದ್ದರೂ ಅನೇಕ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಆದಮೇಲೆ ಸ್ಪೀಡ್ ಇಳಿಯುತ್ತದೆ. ಎಚ್‌ಡಿ ವಿಡಿಯೋ ಗಂಟೆಗೆ ಹೆಚ್ಚೆಂದರೆ 3 ಜಿಬಿ ಎಂದು ಹಿಡಿದರೂ ಎರಡು ಮನೆಗೆ ಇದು ಮುಗಿಯುವುದು ಕಷ್ಟ. ಆದರೆ ಸಣ್ಣ ಪ್ಲಾನ್‌ಗಳಲ್ಲಿ ಮಿತಿ ತುಂಬಾ ಕಡಿಮೆ ಇರುತ್ತದೆ. ನಿಮ್ಮದು ಯಾವುದು ಎಂದು ಬಿಲ್‌ನಲ್ಲಿ ನೋಡಿ.

ಈಗ ಫೋನ್ ಹಿಡಿದು ನೆರೆಮನೆಗೆ ಹೋಗಿ. ವೈ-ಫೈ ಅನಲೈಸರ್ ಥರದ ಯಾವುದಾದರೂ ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಎಷ್ಟೆಂದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಇದು ಮೈನಸ್ ಅಂಕಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಬಂದರೆ ಪಕ್ಕದಲ್ಲೇ ಕೂತ ಹಾಗೆ. ಮೈನಸ್ 67ರವರೆಗೆ ವಿಡಿಯೋ ಕಾಲ್ ಸಲೀಸು. 75 ದಾಟಿದರೆ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ವಿಡಿಯೋ ತಿರುಗುತ್ತಾ ಕೂರುತ್ತದೆ. ಈ ಅಂಕಿ ನೋಡಿಯೇ ಮುಂದಿನ ದಾರಿ ಯಾವುದು ಎಂದು ತೀರ್ಮಾನಿಸಬೇಕು.

ಗೋಡೆಗೆ ಗೋಡೆ ಅಂಟಿದ ಮನೆ

ಊರಿನ ವಠಾರ, ಸಿಟಿಯ ಅಪಾರ್ಟ್‌ಮೆಂಟ್ ಎಲ್ಲ ಈ ಲೆಕ್ಕ. ಇಲ್ಲಿ ಹೊಸದೇನೂ ಕೊಳ್ಳಬೇಕಿಲ್ಲ. ರೌಟರನ್ನು ಟಿವಿ ಹಿಂದಿನಿಂದ, ಗಾಡ್ರೇಜ್ ಬೀರುವಿನ ಪಕ್ಕದಿಂದ ತೆಗೆದು, ಎದೆಮಟ್ಟಕ್ಕಿಂತ ಮೇಲೆ, ಅವರ ಕಡೆಯ ಗೋಡೆಗೆ ಹತ್ತಿರ ಇಡಿ. ಕಬ್ಬಿಣ, ಕನ್ನಡಿ, ನೀರಿನ ಟ್ಯಾಂಕ್ ಈ ಮೂರೂ ವೈ-ಫೈಗೆ ಶತ್ರು. ದಪ್ಪ ಜಂಬಿಟ್ಟಿಗೆ ಗೋಡೆಯೂ ಸುಮ್ಮನೆ ಬಿಡುವುದಿಲ್ಲ. ಅವರಿಗೆ 2.4 ಗಿಗಾಹರ್ಟ್ಸ್ ಕೊಡಿ, ಅದು ಗೋಡೆ ದಾಟುವುದರಲ್ಲಿ ಗಟ್ಟಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತದೆ. ಅದು ನಿಮಗಿರಲಿ. 2.4ರಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ. ನಡುವಿನ ಅಂಕಿ ಹಾಕಿದರೆ ಎರಡೂ ಪಕ್ಕದವರ ಗಲಾಟೆ ಕೇಳಬೇಕಾಗುತ್ತದೆ.

ಆಮೇಲೆ ಗೆಸ್ಟ್ ನೆಟ್‌ವರ್ಕ್. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಹೊಡೆದರೆ ರೌಟರ್‌ನ ಪುಟ ತೆರೆಯುತ್ತದೆ, ಸರಿಯಾದ ವಿಳಾಸ ಡಬ್ಬಿಯ ಅಡಿಯಲ್ಲೇ ಬರೆದಿರುತ್ತದೆ. ವೈರ್‌ಲೆಸ್ ಭಾಗದಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. “ಗೆಸ್ಟ್‌ಗಳು ಲೋಕಲ್ ನೆಟ್‌ವರ್ಕ್ ನೋಡಬಹುದು” ಎಂಬ ಅರ್ಥದ ಟಿಕ್ ಇದ್ದರೆ ತೆಗೆಯಿರಿ. ಅಷ್ಟೇ. ನಿಮ್ಮ ಸಿಸಿಟಿವಿ, ಪ್ರಿಂಟರ್, ಟಿವಿ ಅವರಿಗೆ ಕಾಣುವುದಿಲ್ಲ, ನೆಟ್ ಮಾತ್ರ ಸಿಗುತ್ತದೆ.

ಅವರ ಮನೆಯ ಮೂಲೆಗೆ ಸಿಗ್ನಲ್ ಸಾಲದಿದ್ದರೆ ಎಲ್ಲರೂ ಹೇಳುವುದು “ರಿಪೀಟರ್ ಹಾಕಿ” ಎಂದು. ಹಾಕಬಹುದು. ಆದರೆ ಒಂದೇ ರೇಡಿಯೋ ಇರುವ ರಿಪೀಟರ್ ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳಬೇಕು, ಅದಕ್ಕೆ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ ಇಲ್ಲದ ಮೂಲೆಯಲ್ಲಿ ಇಟ್ಟು ಬೈಯುವವರೇ ಜಾಸ್ತಿ. ಇಲ್ಲದ ಸಿಗ್ನಲನ್ನು ಅದು ಎಲ್ಲಿಂದ ತರಬೇಕು? ಅರ್ಧ ದಾರಿಯಲ್ಲಿ, ಮೈನಸ್ 65ರ ಹತ್ತಿರ ಬರುವ ಕಡೆ ಇಡಿ.

ರಸ್ತೆಯಾಚೆಯ ಮನೆ

ಇಪ್ಪತ್ತು, ಮೂವತ್ತು, ನಲವತ್ತು ಮೀಟರ್. ನಡುವೆ ರಸ್ತೆ ಅಥವಾ ಅಂಗಳ. ಇಲ್ಲಿ ಹಳೆಯ ರೌಟರ್ ಒಂದು ಮನೆಯಲ್ಲಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಕಂಪನಿ ಕೊಟ್ಟ ಫೈಬರ್ ಡಬ್ಬಿಯಿಂದ (ಇದೇ ಮುಖ್ಯ ರೌಟರ್) ಕೇಬಲ್ ಎಳೆದು ಅವರ ಕಡೆಯ ಕಿಟಕಿಯಲ್ಲಿ ಅದನ್ನು ಇಡಿ. ಕಿಟಕಿ ಗಾಜು ದಾಟುವುದು ಸುಲಭ, ಕಬ್ಬಿಣದ ಜಾಲರಿ ಇದ್ದರೆ ಅಷ್ಟು ಸುಲಭ ಅಲ್ಲ.

ಹಳೆಯ ರೌಟರನ್ನು ಬರೀ ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈ-ಫೈ ಆಗಿ ಬಿಡುವ ಡಬ್ಬಿ, ಮಾಡುವುದು ಹೀಗೆ. ಅದರ ಪುಟ ತೆರೆದು ವಿಳಾಸವನ್ನು 192.168.1.2 ಮಾಡಿ (ಮುಖ್ಯ ಡಬ್ಬಿಯದು 192.168.1.1 ಆಗಿದ್ದರೆ). ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಕೇಬಲನ್ನು ಅದರ ಲ್ಯಾನ್ ತೂತಿಗೆ (ಮನೆಯೊಳಗಿನ ಸಾಮಾನಿಗೆ ಇರುವುದು) ಹಾಕಿ, ವ್ಯಾನ್ ತೂತು (ಹೊರಗಿನ ನೆಟ್ ಬರುವುದು) ಖಾಲಿ ಬಿಡಿ. ಮುಖ್ಯ ಡಬ್ಬಿ ಚಾನೆಲ್ 1ರಲ್ಲಿ ಇದ್ದರೆ ಇದನ್ನು 6 ಅಥವಾ 11ಕ್ಕೆ ಹಾಕಿ.

ಕೆಲಸ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ವಾರ ಕಳೆದು ಎದುರು ಮನೆಯ ಹುಡುಗ ಬಂದು, “ಅಣ್ಣಾ, ನಿಮ್ಮ ಟಿವಿ ನನ್ನ ಮೊಬೈಲಲ್ಲಿ ಬರ್ತಿದೆ, ಹಾಡು ಹಾಕ್ಲಾ?” ಅಂದ. ಆ್ಯಕ್ಸೆಸ್ ಪಾಯಿಂಟ್ ಆಗಿ ಬದಲಾದ ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಎಂದು ಹೆಸರಿಟ್ಟರೂ ಬಹಳ ಸಲ ಅದು ನಿಜವಾಗಿ ಬೇರೆಯಾಗುವುದಿಲ್ಲ. ಅವನು ನೇರ ನಮ್ಮ ಮನೆಯ ನೆಟ್‌ವರ್ಕ್‌ನ ಒಳಗೇ ಇದ್ದ.

ಒಳಗೆ ಯಾರು, ಹೊರಗೆ ಯಾರು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಿಳಿದವರೂ ಇದನ್ನು ಉಲ್ಟಾ ಮಾಡುತ್ತಾರೆ.

ಒಂದು ರೌಟರ್‌ನ ಹಿಂದೆ ಇನ್ನೊಂದು ರೌಟರ್ ಸಿಕ್ಕಿಸಿದರೆ ಎರಡು ಕೋಣೆ ಆಗುತ್ತವೆ. ಮೊದಲನೆಯದು ಜಗಲಿ, ಎರಡನೆಯದು ಒಳಮನೆ. ಒಳಮನೆಯಲ್ಲಿ ಇದ್ದವರಿಗೆ ಜಗಲಿ ಕಾಣುತ್ತದೆ. ಜಗಲಿಯಲ್ಲಿ ಇದ್ದವರಿಗೆ ಒಳಮನೆ ಕಾಣುವುದಿಲ್ಲ. ಎರಡನೆಯ ರೌಟರ್ ಮಧ್ಯದ ಬಾಗಿಲಿನ ಹಾಗೆ ತಡೆಯುತ್ತದೆ. ಹೆಚ್ಚಿನವರು ಏನು ಮಾಡುತ್ತಾರೆ? ತಾವು ಮೊದಲನೆಯದರಲ್ಲಿ ಉಳಿದು, ನೆರೆಯವರಿಗೆ ಎರಡನೆಯದನ್ನು ಕೊಡುತ್ತಾರೆ. ಅಂದರೆ ಬಂದವರನ್ನು ಒಳಮನೆಗೆ ಕಳಿಸಿ, ತಾವು ಜಗಲಿಯಲ್ಲಿ ಮಲಗಿದ ಹಾಗೆ.

ಸರಿಯಾದ ಕ್ರಮ ಇದರ ತಿರುವು-ಮುರುವು. ಕಂಪನಿ ಕೊಟ್ಟ ಫೈಬರ್ ಡಬ್ಬಿ ಜಗಲಿ. ನೆರೆಮನೆಗೆ ಹೋಗುವ ಕೇಬಲ್ ಅದರಿಂದಲೇ ಹೊರಡಲಿ. ನಮಗಾಗಿ ಒಂದು ಸ್ವಂತ ರೌಟರ್ ತಂದು, ಅದರ ವ್ಯಾನ್ ತೂತನ್ನು ಫೈಬರ್ ಡಬ್ಬಿಯ ಲ್ಯಾನ್ ತೂತಿಗೆ ಸಿಕ್ಕಿಸಿ, ನಮ್ಮ ಮನೆಯ ಫೋನು, ಟಿವಿ, ಕ್ಯಾಮೆರಾ ಎಲ್ಲವನ್ನೂ ಅದಕ್ಕೆ ಸೇರಿಸಬೇಕು. ಡಬ್ಬಿ 192.168.1 ಸಾಲಿನಲ್ಲಿದ್ದರೆ ನಮ್ಮ ರೌಟರನ್ನು 192.168.50 ಸಾಲಿಗೆ ಹಾಕಿ, ಇಲ್ಲದಿದ್ದರೆ ಎರಡೂ ಒಂದೇ ವಿಳಾಸಕ್ಕೆ ಜಗಳ ಆಡುತ್ತವೆ. ನೆರೆಮನೆಯಲ್ಲೂ ಅವರದೇ ರೌಟರ್ ಇದ್ದರೆ ಅವರ ಮನೆಯೂ ನಮಗೆ ಕಾಣುವುದಿಲ್ಲ. ಅದೂ ಬೇಕಾದದ್ದೇ ಅಲ್ವಾ?

ಜಗಲಿಯಲ್ಲಿ ಇರುವವರು ಫೈಬರ್ ಡಬ್ಬಿಯ ಪುಟವನ್ನು ತೆರೆಯಲು ಪ್ರಯತ್ನಿಸಬಹುದು. ಅದರ ಅಡ್ಮಿನ್ ಪಾಸ್‌ವರ್ಡ್ “ಅಡ್ಮಿನ್” ಎಂದೇ ಇದ್ದರೆ ಇಷ್ಟು ಮಾಡಿದ್ದೂ ವ್ಯರ್ಥ. ಮೊದಲ ದಿನವೇ ಬದಲಿಸಿ. ಪಾಸ್‌ವರ್ಡ್ ಹೊಡೆಯದೆ ಸೇರಿಸುವ ಡಬ್ಲ್ಯುಪಿಎಸ್ ಎಂಬ ಬಟನ್ ಸೌಲಭ್ಯ ಆಫ್ ಮಾಡಿ. ಭದ್ರತೆ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2-ಎಇಎಸ್ ಇರಲಿ. ಈ ವ್ಯವಸ್ಥೆಯಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಮನೆಯೊಳಗಿನ ಸಾಮಾನಿಗೆ ದಾರಿ ಬಿಡುವ ಸೆಟ್ಟಿಂಗ್) ನಂಬಿಕೊಂಡ ಹಳೆಯ ಸಿಸಿಟಿವಿ ಡಿವಿಆರ್, ಕೆಲವು ಗೇಮ್‌ಗಳು ತೊಂದರೆ ಕೊಡಬಹುದು. ಉಳಿದವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ತೋಟ ದಾಟುವ ಲಿಂಕ್

ನೂರು ಮೀಟರ್ ದಾಟಿದ ಮೇಲೆ ಮನೆಯ ರೌಟರ್‌ನಿಂದ ಆಗುವುದಿಲ್ಲ. ಇದಕ್ಕೆ ಹೊರಾಂಗಣದ ಸಿಪಿಇ ಎಂಬ ಜೋಡಿ ಡಬ್ಬಿ ಬೇಕು. ಟಿಪಿ-ಲಿಂಕ್‌ನ ಸಿಪಿಇ210 (2.4 ಗಿಗಾಹರ್ಟ್ಸ್), ಸಿಪಿಇ510 (5 ಗಿಗಾಹರ್ಟ್ಸ್), ಯುಬಿಕ್ವಿಟಿಯ ನ್ಯಾನೋಸ್ಟೇಷನ್, ಲೈಟ್‌ಬೀಮ್ ಇವು ಚೆನ್ನಾಗಿ ಓಡುತ್ತಿರುವ ಹೆಸರು. ಮನೆಯ ರೌಟರ್ ಬೆಳಕನ್ನು ಬಲ್ಬಿನ ಹಾಗೆ ಸುತ್ತಲೂ ಚೆಲ್ಲಿದರೆ ಇವು ಬ್ಯಾಟರಿ ಟಾರ್ಚಿನ ಹಾಗೆ ಒಂದೇ ಕಡೆಗೆ ಬಿಡುತ್ತವೆ. ಎರಡು ಡಬ್ಬಿ ಒಂದನ್ನೊಂದು ನೋಡುತ್ತಾ ನಿಂತರೆ ಕೆಲವು ಕಿಲೋಮೀಟರ್‌ವರೆಗೂ ಲಿಂಕ್ ಸಿಗುತ್ತದೆ. ನಮ್ಮ 180 ಮೀಟರ್ ಇವಕ್ಕೆ ಏನೂ ಅಲ್ಲ. ಕಷ್ಟ ಕೊಡುವುದು ದೂರ ಅಲ್ಲ, ಅಡಿಕೆ ಸೋಗೆ.

ಕೊಳ್ಳುವ ಮೊದಲು ಒಂದು ಕೆಲಸ. ಕತ್ತಲಾದ ಮೇಲೆ ಅವರ ಮನೆಯ ಮಾಡಿನ ಹತ್ತಿರ ಒಬ್ಬರು ಬ್ಯಾಟರಿ ಹಿಡಿದು ನಮ್ಮ ಕಡೆ ಬಿಡಲಿ. ನಮ್ಮ ಮಾಡಿನಿಂದ ಬೆಳಕು ನೇರ ಕಾಣಬೇಕು. ಎಲೆಯ ಸಂದಿಯಲ್ಲಿ ಮಿನುಗಿದರೆ ಸಾಲದು. ರೇಡಿಯೋ ಅಲೆಗೆ ಗೆರೆಯಷ್ಟು ದಾರಿ ಸಾಕಾಗುವುದಿಲ್ಲ, ಕೊಳವೆಯಷ್ಟು ಬೇಕು. ನೂರು ಮೀಟರ್‌ನ ಲಿಂಕ್‌ಗೆ ನಡು ಮಧ್ಯದಲ್ಲಿ ಆ ಕೊಳವೆ 5 ಗಿಗಾಹರ್ಟ್ಸ್‌ನಲ್ಲಿ ಸುತ್ತಲೂ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, 2.4ರಲ್ಲಿ ಹತ್ತಿರ ಹತ್ತಿರ ಒಂದು ಮುಕ್ಕಾಲು ಮೀಟರ್. ಅಷ್ಟು ಜಾಗದಲ್ಲಿ ಸೋಗೆ ಅಡ್ಡ ಬರಬಾರದು.

ನಾನು ಮೇ ತಿಂಗಳಲ್ಲಿ ಹಾಕಿದೆ. ಸೊಗಸಾಗಿ ಓಡಿತು. ಜೂನ್‌ನಲ್ಲಿ ಜಡಿಮಳೆ ಹಿಡಿದದ್ದೇ ತಡ, ಲಿಂಕ್ ಬೀಳತೊಡಗಿತು. ಮಳೆಯ ತಪ್ಪು ಅಂದುಕೊಂಡೆ. ಅಲ್ಲ. ಇಷ್ಟು ಹತ್ತಿರದ ಲಿಂಕ್‌ಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಒದ್ದೆಯಾದ ಎಲೆ ಮಾತ್ರ ನೀರಿನ ಗೋಡೆಯ ಹಾಗೆ. ಮೇ ತಿಂಗಳ ಒಣ ಸೋಗೆಯಲ್ಲಿ ಹೇಗೋ ನುಸುಳುತ್ತಿದ್ದ ಸಿಗ್ನಲ್ ಒದ್ದೆ ಸೋಗೆಯಲ್ಲಿ ನಿಂತುಹೋಯಿತು. ಡಬ್ಬಿಯನ್ನು ಒಂದೂವರೆ ಮೀಟರ್ ಮೇಲೆ ಏರಿಸಿದ ಮೇಲೆ ಸರಿಹೋಯಿತು. ಮಲೆನಾಡಿನವರು ಸಾಧ್ಯವಾದರೆ ಮಳೆಗಾಲದಲ್ಲೇ ಪರೀಕ್ಷೆ ಮಾಡಿ. ಅಡಿಕೆ ಮರ ಬೆಳೆಯುತ್ತಲೇ ಇರುತ್ತದೆ ಎನ್ನುವುದೂ ನೆನಪಿರಲಿ, ಕಂಬಕ್ಕೆ ಎರಡು ಮೀಟರ್ ಹೆಚ್ಚುವರಿ ಎತ್ತರ ಇಟ್ಟುಕೊಳ್ಳಿ.

ಈಗ ಜೋಡಿಸುವ ಕೆಲಸ.

1. ಎರಡೂ ಡಬ್ಬಿಗಳನ್ನು ಮನೆಯ ಮೇಜಿನ ಮೇಲೇ ಸೆಟ್ ಮಾಡಿ. ಮಾಡಿನ ಮೇಲೆ ಕೂತು ಪಾಸ್‌ವರ್ಡ್ ಹೊಡೆಯುವುದು ಬೇಡ. ನಮ್ಮ ಕಡೆಯದು ಆ್ಯಕ್ಸೆಸ್ ಪಾಯಿಂಟ್, ಅವರ ಕಡೆಯದು ಅದರಿಂದ ನೆಟ್ ಪಡೆಯುವ ಕ್ಲೈಂಟ್. ಒಂದಕ್ಕೆ 192.168.1.21, ಇನ್ನೊಂದಕ್ಕೆ 192.168.1.22 ಎಂದು ಕೊಡಿ. ನಡುವೆ ಕೇಬಲ್ ಇದ್ದ ಹಾಗೆ ಎರಡನ್ನೂ ಸೇರಿಸುವ ಡಬ್ಲ್ಯುಡಿಎಸ್ ಎರಡೂ ಕಡೆ ಆನ್.

2. ಚಾನೆಲ್ ಅಗಲ 20 ಅಥವಾ 40 ಮೆಗಾಹರ್ಟ್ಸ್. 80 ಹಾಕಿದರೆ ಕಾಗದದ ಮೇಲೆ ಸ್ಪೀಡ್ ಜಾಸ್ತಿ, ಲಿಂಕ್ ಮಾತ್ರ ತಾಳಿಕೆ ಬರುವುದಿಲ್ಲ.

3. ಈ ಡಬ್ಬಿಗಳಿಗೆ ಕರೆಂಟ್ ನೆಟ್ ಕೇಬಲ್‌ನಲ್ಲೇ ಹೋಗುತ್ತದೆ. ಜೊತೆಗೆ ಬರುವ ಪಿಒಇ ಅಡಾಪ್ಟರ್‌ನಲ್ಲಿ ಎರಡು ತೂತು. ಒಂದು ಲ್ಯಾನ್, ಅದು ರೌಟರ್‌ಗೆ. ಇನ್ನೊಂದು ಪಿಒಇ, ಅದು ಮೇಲಿನ ಡಬ್ಬಿಗೆ. ಅದಲು ಬದಲು ಮಾಡಬೇಡಿ, ಕರೆಂಟ್ ಹೋಗಬಾರದ ಕಡೆ ಹೋಗುತ್ತದೆ.

4. ಹೊರಗೆ ಹೋಗುವ ಕೇಬಲ್ ಬಿಸಿಲಿಗೆ ತಡೆಯುವ ಕಪ್ಪು ಹೊರಾಂಗಣದ್ದೇ ಇರಲಿ. ಮನೆಯೊಳಗಿನ ಬೂದು ಕೇಬಲ್ ಎರಡು ಬೇಸಿಗೆಗೆ ಸಿಪ್ಪೆ ಬಿಡುತ್ತದೆ. ಮನೆ ಒಳಗೆ ನುಗ್ಗುವ ಮೊದಲು ಕೇಬಲನ್ನು ಒಮ್ಮೆ ಕೆಳಗೆ ಬಾಗಿಸಿ ಮೇಲೆ ತನ್ನಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ರೌಟರ್‌ವರೆಗೆ ಬರುವುದಿಲ್ಲ.

5. ಕಂಬಕ್ಕೆ ಕಟ್ಟಿದ ಮೇಲೆ ಒಬ್ಬರು ಡಬ್ಬಿ ತಿರುಗಿಸಿ, ಇನ್ನೊಬ್ಬರು ಫೋನಿನಲ್ಲಿ ಸಿಗ್ನಲ್ ಓದಿ ಹೇಳಿ. ಎಡಕ್ಕೆ, ಬಲಕ್ಕೆ, ಆಮೇಲೆ ಮೇಲೆ ಕೆಳಗೆ. ಒಂದೊಂದು ಸಲ ತಿರುಗಿಸಿ ಐದು ಸೆಕೆಂಡ್ ಕಾಯಿರಿ. ಮೈನಸ್ 50ರಿಂದ 65ರ ನಡುವೆ ಬಂದರೆ ನಟ್ ಬಿಗಿ ಮಾಡಿ. ತಗಡಿನ ಮಾಡಿಗೆ ತಾಗಿಸಿ ಇಟ್ಟರೆ ಅಲೆ ತಗಡಿಗೆ ಬಡಿದು ಚದುರುತ್ತದೆ, ಸ್ವಲ್ಪ ಎತ್ತರಿಸಿ.

6. ಅವರ ಮನೆಯಲ್ಲಿ ಕೇಬಲ್ ಹೋಗಿ ಸೇರುವುದು ಅವರ ರೌಟರ್‌ನ ವ್ಯಾನ್ ತೂತಿಗೆ. ಅವರ ಫೋನುಗಳು ಆ ರೌಟರ್‌ಗೆ.

“ವೈರ್‌ಲೆಸ್ ಯಾಕೆ, ಮರಕ್ಕೆ ಕಟ್ಟಿ ನೆಟ್ ಕೇಬಲನ್ನೇ ಎಳೆದರಾಗದೇ?” ಎಂದು ಕೇಳುವವರಿದ್ದಾರೆ. ತಾಮ್ರದ ನೆಟ್ ಕೇಬಲ್ ನೂರು ಮೀಟರ್ ದಾಟುವಂತಿಲ್ಲ, ಅದು ಒಂದು. ಎರಡು ಮನೆಯ ಅರ್ಥಿಂಗ್ ಬೇರೆ ಬೇರೆ, ನಡುವೆ ತಾಮ್ರ ಎಳೆದರೆ ಹತ್ತಿರ ಎಲ್ಲೋ ಸಿಡಿಲು ಬಡಿದರೂ ಎರಡೂ ಮನೆಯ ಸಾಮಾನು ಒಟ್ಟಿಗೆ ಹೋಗಬಹುದು, ಇದು ಇನ್ನೊಂದು.

ಸಿಡಿಲಿನ ಮಾತು ಬಂತು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಪಿಒಇ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆದು, ರೌಟರ್ ಕಡೆಯ ಕೇಬಲನ್ನೂ ಬಿಚ್ಚಿ. ಸ್ವಿಚ್ ಆರಿಸಿದರೆ ಸಾಲದು. ನಮ್ಮ ಮೊದಲ ಡಬ್ಬಿ ಹೋದದ್ದು ಹಾಗೆಯೇ, ಸ್ವಿಚ್ ಆಫ್ ಇತ್ತು, ಕೇಬಲ್ ಬಿಚ್ಚಿರಲಿಲ್ಲ. ಕಂಬಕ್ಕೆ ಅರ್ಥಿಂಗ್ ಕೊಡಿಸಿದರೆ ಒಳ್ಳೆಯದು. ಮಾಡಿನಲ್ಲೇ ಅತಿ ಎತ್ತರದ ವಸ್ತು ಅದೇ ಆಗದಂತೆ ನೋಡಿಕೊಳ್ಳಿ.

ಪಾಲು ಮಾಡುವುದು

ಒಂದು ಸಂಜೆ ನಮ್ಮ ಮೀಟಿಂಗ್ ನಡೆಯುತ್ತಿದ್ದಾಗ ಮಾತು ಮುರಿಯತೊಡಗಿತು. ಆಚೆಮನೆಗೆ ಬಂದ ನೆಂಟರ ಫೋನು ಮದುವೆ ಫೋಟೋಗಳನ್ನೆಲ್ಲ ಬ್ಯಾಕಪ್‌ಗೆ ಏರಿಸುತ್ತಿತ್ತು. ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ತೆವಳುತ್ತದೆ. ಎಲ್ಲರೂ ಡೌನ್‌ಲೋಡ್‌ಗೆ ಮಾತ್ರ ಮಿತಿ ಹಾಕುತ್ತಾರೆ. ಕಡಿವಾಣ ಬೇಕಾದದ್ದು ಅಪ್‌ಲೋಡ್‌ಗೆ.

ಫೈಬರ್ ಡಬ್ಬಿಯ ಪುಟದಲ್ಲಿ ಕ್ಯೂಒಎಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಎಂಬ, ಯಾರಿಗೆ ಎಷ್ಟು ಸ್ಪೀಡ್ ಎಂದು ಹಂಚುವ ಭಾಗ ಹುಡುಕಿ. ಒಟ್ಟು ಸ್ಪೀಡ್ ಕೇಳಿದರೆ ನೀವು ಅಳೆದದ್ದರ ನೂರಕ್ಕೆ 90 ಭಾಗ ಹಾಕಿ, ಪೂರ್ತಿ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. 50ರ ಲೈನ್‌ನಲ್ಲಿ ನೆರೆಮನೆಗೆ 20 ಡೌನ್, 10 ಅಪ್ ಕೊಟ್ಟರೆ ಯಾರಿಗೂ ಬೇಜಾರಿಲ್ಲ. ಇಲ್ಲೇ ಅವರದೇ ರೌಟರ್ ಇದ್ದದ್ದು ಉಪಯೋಗಕ್ಕೆ ಬರುವುದು. ಅವರ ಮನೆಯ ಹತ್ತು ಫೋನೂ ನಮಗೆ ಒಂದೇ ವಿಳಾಸವಾಗಿ ಕಾಣುತ್ತವೆ, ಮಿತಿ ಒಂದಕ್ಕೆ ಹಾಕಿದರೆ ಸಾಕು. ಫೋನುಗಳನ್ನು ಒಂದೊಂದಾಗಿ ಗುರುತು ಹಿಡಿಯಲು ಹೋದರೆ ಸೋಲುತ್ತೀರಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನುಗಳು ವೈ-ಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆಯ) ಬದಲು ಬೇರೆಯದನ್ನು ತೋರಿಸುತ್ತವೆ. ಫೈಬರ್ ಡಬ್ಬಿಯಲ್ಲಿ ಕ್ಯೂಒಎಸ್ ಇಲ್ಲದಿದ್ದರೆ ಕೆಲವು ಸಿಪಿಇಗಳಲ್ಲೇ ಈ ಮಿತಿ ಇಡಬಹುದು, ಇಲ್ಲವಾದರೆ ಅವರ ಒಪ್ಪಿಗೆ ಪಡೆದು ಅವರ ರೌಟರ್‌ನಲ್ಲೇ ಹಾಕಿ.

ಮಕ್ಕಳಿರುವ ಮನೆ ಆದರೆ ರೌಟರ್‌ನ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಕ್ಲೌಡ್‌ಫ್ಲೇರ್ ಉಚಿತವಾಗಿ ಕೊಡುವ ಈ ವಿಳಾಸಗಳು ವೈರಸ್ ತಾಣಗಳನ್ನೂ ದೊಡ್ಡವರ ತಾಣಗಳನ್ನೂ ತಡೆಯುತ್ತವೆ. ಜಾಣ ಹುಡುಗರು ದಾಟಿ ಹೋಗುತ್ತಾರೆ, ಆದರೂ ಬಾಗಿಲಿಗೆ ಚಿಲಕ ಇದ್ದ ಹಾಗೆ.

ಪಾಸ್‌ವರ್ಡ್ ಮನೆಯಲ್ಲಿ ಉಳಿಯುವುದಿಲ್ಲ ಎಂದೇ ತಿಳಿಯಿರಿ. ಈಗಿನ ಫೋನುಗಳಲ್ಲಿ ವೈ-ಫೈ ಹೆಸರು ಮುಟ್ಟಿದರೆ ಕ್ಯೂಆರ್ ಬರುತ್ತದೆ, ಬಂದ ನೆಂಟರಿಗೆಲ್ಲ ಹೋಗುತ್ತದೆ. ಕೊನೆ ಕೊಯ್ಯಲು ಬಂದವರಿಗೂ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ, ಅದನ್ನು ಮೊದಲೇ ಅವರಿಗೆ ಹೇಳಿರಿ. ಆಗ ಯಾರ ಮೇಲೂ ಅನುಮಾನ ಪಟ್ಟ ಹಾಗೆ ಆಗುವುದಿಲ್ಲ.

“ನೆಟ್ ಹೋಯ್ತಾ ನೋಡು”

ಹಂಚಿದ ಮೇಲೆ ಈ ಕರೆ ದಿನಾ ಬರುತ್ತದೆ, ತಯಾರಿರಿ. ನಾನು ಫೈಬರ್ ಡಬ್ಬಿಯನ್ನು ಮೊದಲು ನೋಡುತ್ತೇನೆ. ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ. ಮರ ಬಿದ್ದಿರುತ್ತದೆ, ಇಲ್ಲವೇ ರಸ್ತೆ ಅಗೆಯುವ ಜೆಸಿಬಿ. ಲೈನ್‌ನವರಿಗೆ ಫೋನ್ ಮಾಡುವುದು ಬಿಟ್ಟು ಏನೂ ಮಾಡುವ ಹಾಗಿಲ್ಲ. ದೀಪ ಸರಿಯಿದ್ದು ನಮಗೆ ನೆಟ್ ಬರುತ್ತಿದ್ದರೆ ತೊಂದರೆ ಲಿಂಕ್‌ನಲ್ಲಿ. 192.168.1.22 ತೆರೆಯುತ್ತದಾ ನೋಡಿ. ತೆರೆದರೆ ಲಿಂಕ್ ಚೆನ್ನಾಗಿದೆ, ಅವರ ರೌಟರ್ ಆರಿಸಿ ಹಾಕಲು ಹೇಳಿ. ತೆರೆಯದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಅವರ ಮನೆಯಲ್ಲಿ ಕರೆಂಟ್ ಇಲ್ಲ, ಅಥವಾ ಮೊಬೈಲ್ ಚಾರ್ಜ್‌ಗೆಂದು ಯಾರೋ ಪ್ಲಗ್ ಕಿತ್ತಿದ್ದಾರೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಾದರೆ ಎರಡೂ ಕಡೆ ರೌಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿ. ಸಿಪಿಇಯ ವೋಲ್ಟ್ ಬೇರೆ ಇರುತ್ತದೆ, ಅಡಾಪ್ಟರ್ ಮೇಲೆ ಓದಿಯೇ ಅದಕ್ಕೆ ತಕ್ಕದ್ದು ತನ್ನಿ. ನಮ್ಮಲ್ಲಿ ಅದು ಇನ್ವರ್ಟರ್ ಲೈನ್‌ನಲ್ಲಿದೆ.

ಕಳೆದ ವರ್ಷ ಆಚೆಮನೆಗೂ ಫೈಬರ್ ಬಂತು. ಡಬ್ಬಿ ಬಿಚ್ಚೋಣ ಎಂದು ಏಣಿ ತಂದಿದ್ದೆ. “ಇರಲಿ ಬಿಡೋ, ನಿಮ್ಮದು ಹೋದ ದಿನ ನಮ್ಮದು ಬರ್ತದೆ” ಅಂದರು ಅತ್ತಿಗೆ. ಅವರ ಲೈನ್ ಬೇರೆ ಕಂಪನಿಯದು, ಹಂಚಲು ಅಲ್ಲೂ ಕೇಳಿ ಒಪ್ಪಿಗೆ ಪಡೆದೆವು. ದಿಕ್ಕು ಬದಲಿಸಲು ಡಬ್ಬಿಗಳನ್ನು ಮುಟ್ಟಬೇಕಿಲ್ಲ. ನಮ್ಮ ಕಡೆ ಸಿಪಿಇ ಕೇಬಲನ್ನು ಫೈಬರ್ ಡಬ್ಬಿಯಿಂದ ಕಿತ್ತು ನಮ್ಮ ಸ್ವಂತ ರೌಟರ್‌ನ ವ್ಯಾನ್ ತೂತಿಗೆ ಹಾಕಬೇಕು. ಅವರ ಕಡೆ ತಮ್ಮ ರೌಟರ್‌ನಿಂದ ಕಿತ್ತು ತಮ್ಮ ಫೈಬರ್ ಡಬ್ಬಿಯ ಲ್ಯಾನ್‌ಗೆ ಹಾಕಬೇಕು. ಎರಡೂ ಮನೆಯ ಫೈಬರ್ ಡಬ್ಬಿಗೆ ಒಟ್ಟಿಗೆ ಸಿಕ್ಕಿಸಿ ಬಿಟ್ಟರೆ ವಿಳಾಸ ಹಂಚುವವರು ಇಬ್ಬರಾಗಿ ಎರಡೂ ಮನೆಯ ನೆಟ್ ಕೆಡುತ್ತದೆ. ಅದಕ್ಕೇ ಎರಡೂ ಕಡೆಯ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, “ಫೋನ್ ಮಾಡಿ ಕೇಳದೆ ಕೀಳಬೇಡಿ” ಎಂದು ಬರೆದು ಅಂಟಿಸಿದ್ದೇನೆ.